ಜನಬಹುಳ ದೇಶದ ಸಮಸ್ಯೆಗಳಿಗೆ ಕಮ್ಯುನಿಸಂ ಮದ್ದೋ, ಪ್ರಜಾಪ್ರಭುತ್ವ ಮದ್ದೋ: ಪದೇ ಪದೇ ಕೇಳುವ ಪ್ರಶ್ನೆಗಳು

ಕಮ್ಯುನಿಸಂ ಮತ್ತು ಪ್ರಜಾಪ್ರಭುತ್ವ ನಿಜವಾಗಿಯೂ ಒಂದಕ್ಕೊಂದು ಎದುರಾಗಿ ನಿಲ್ಲುವ ವ್ಯವಸ್ಥೆಗಳೇ?

ತತ್ವದ ಮಟ್ಟದಲ್ಲಿ ಹಾಗೆ ಹೇಳುವುದು ಕಷ್ಟ. ಭೂಮಿ, ಕಾರ್ಖಾನೆ, ಗಣಿಗಳಂತಹ ಉತ್ಪಾದನಾ ಸಾಧನಗಳು ಯಾರ ಒಡೆತನದಲ್ಲಿರಬೇಕು ಎಂಬುದು ಕಮ್ಯುನಿಸಂ ಕೇಳುವ ಮೂಲ ಪ್ರಶ್ನೆ. ಆಳುವವರನ್ನು ಯಾರು ಆರಿಸಬೇಕು, ಅವರು ತಪ್ಪಿದರೆ ಇಳಿಸುವುದು ಹೇಗೆ ಎಂಬುದು ಪ್ರಜಾಪ್ರಭುತ್ವ ಕೇಳುವ ಪ್ರಶ್ನೆ. ಒಂದು ಆಸ್ತಿಗೆ ಸಂಬಂಧಿಸಿದ್ದು, ಇನ್ನೊಂದು ಅಧಿಕಾರಕ್ಕೆ ಸಂಬಂಧಿಸಿದ್ದು. ಆದ್ದರಿಂದಲೇ ಮತದಾನದ ಮೂಲಕ ಅಧಿಕಾರಕ್ಕೆ ಬಂದು, ಮತದಾನದಲ್ಲಿ ಸೋತಾಗ ಕುರ್ಚಿ ಬಿಟ್ಟುಕೊಟ್ಟ ಕಮ್ಯುನಿಸ್ಟ್ ಪಕ್ಷಗಳೂ ಇವೆ. ಖಾಸಗಿ ಆಸ್ತಿಯನ್ನು ಎತ್ತಿಹಿಡಿಯುತ್ತಲೇ ಚುನಾವಣೆಯನ್ನು ತುಳಿದ ಸರ್ವಾಧಿಕಾರಿಗಳೂ ಇದ್ದಾರೆ.

ಆದರೆ ಚರಿತ್ರೆಯಲ್ಲಿ ನಡೆದದ್ದೇ ಬೇರೆ. 1917ರಲ್ಲಿ ರಷ್ಯಾದಲ್ಲಿ, 1949ರಲ್ಲಿ ಚೀನಾದಲ್ಲಿ ಕ್ರಾಂತಿಯ ಮೂಲಕ ಅಧಿಕಾರ ಹಿಡಿದ ಕಮ್ಯುನಿಸ್ಟ್ ಪಕ್ಷಗಳು ಬೇರೆ ಪಕ್ಷಕ್ಕೆ ಅಧಿಕಾರದ ಬಾಗಿಲು ತೆರೆಯಲಿಲ್ಲ. ಪತ್ರಿಕೆ, ನ್ಯಾಯಾಲಯ, ಸೈನ್ಯ ಎಲ್ಲವೂ ಪಕ್ಷದ ಅಧೀನಕ್ಕೆ ಬಂದವು. ಜನ ಈ ಪ್ರಶ್ನೆ ಕೇಳುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಈ ಏಕಪಕ್ಷ ಆಡಳಿತವನ್ನೇ. ಕೆಳಗಿನ ಉತ್ತರಗಳಲ್ಲಿಯೂ ಕಮ್ಯುನಿಸಂ ಎಂದರೆ, ಬೇರೆ ರೀತಿ ಹೇಳದಿದ್ದರೆ, ಅದೇ ಅರ್ಥ.

ಜನಸಂಖ್ಯೆ ಹೆಚ್ಚಿದ್ದರೆ ಆಡಳಿತ ಏಕೆ ಬೇರೆಯಾಗಬೇಕು? ಹತ್ತು ಲಕ್ಷ ಜನರ ದೇಶಕ್ಕೂ ನೂರು ಕೋಟಿ ಜನರ ದೇಶಕ್ಕೂ ಇರುವ ವ್ಯತ್ಯಾಸವೇನು?

ಅನ್ನ, ನೀರು, ಉದ್ಯೋಗ, ಆಸ್ಪತ್ರೆ, ಶಾಲೆ ಎಲ್ಲ ದೇಶಗಳಿಗೂ ಬೇಕು. ಜನಬಹುಳ ದೇಶದಲ್ಲಿ ಅವುಗಳ ಮೊತ್ತ ದೊಡ್ಡದು ಎಂಬುದು ಮೇಲ್ನೋಟಕ್ಕೆ ಕಾಣುವ ವ್ಯತ್ಯಾಸ. ನನ್ನ ಮಟ್ಟಿಗೆ ಅದಕ್ಕಿಂತ ಗಂಭೀರವಾದ ವ್ಯತ್ಯಾಸ ಎರಡಿವೆ. ಮೊದಲನೆಯದು, ಆಳುವವನಿಗೂ ಆಳಿಸಿಕೊಳ್ಳುವವನಿಗೂ ನಡುವೆ ಇರುವ ದೂರ. ಹಳ್ಳಿಯ ಕಣಜ ಬರಿದಾದ ಸುದ್ದಿ ರಾಜಧಾನಿಗೆ ತಲುಪಬೇಕಾದರೆ ಅದು ಐದಾರು ಹಂತದ ಅಧಿಕಾರಿಗಳ ಕೈ ದಾಟಬೇಕು, ಪ್ರತಿಯೊಂದು ಕೈಯಲ್ಲಿಯೂ ಅದು ತಿದ್ದುಪಡಿಯಾಗುವ ಅಪಾಯವಿದೆ. ಎರಡನೆಯದು, ತಪ್ಪಿನ ಗಾತ್ರ. ಸಣ್ಣ ದೇಶದ ಒಂದು ದುಡುಕಿನ ಆದೇಶ ಸಾವಿರಾರು ಜನರನ್ನು ತಟ್ಟಿದರೆ, ಅದೇ ಆದೇಶ ಇಲ್ಲಿ ಕೋಟಿಗಟ್ಟಲೆ ಜನರನ್ನು ತಟ್ಟುತ್ತದೆ.

ಆದ್ದರಿಂದ ಯಾವ ವ್ಯವಸ್ಥೆ ಒಳ್ಳೆಯದು ಎಂದು ಕೇಳುವಾಗ ನಾನು ಎರಡು ಸಂಗತಿಗಳನ್ನು ನೋಡುತ್ತೇನೆ: ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಅಂಜಿಕೆಯಿಲ್ಲದೆ ಹೋಗುತ್ತದೆಯೇ, ಮತ್ತು ಹೋದ ಮೇಲೆ ತಪ್ಪಾದ ನೀತಿಯನ್ನು ಹಿಂತೆಗೆದುಕೊಳ್ಳುವಂತೆ ಯಾರಾದರೂ ಒತ್ತಾಯಿಸಬಲ್ಲರೇ. ಈ ಎರಡರಲ್ಲಿಯೂ ಪ್ರಜಾಪ್ರಭುತ್ವ ಮುಂದಿದೆ ಎಂಬುದು ನನ್ನ ನಿಲುವು. ಆ ನಿಲುವಿಗೆ ತೊಡಕಾಗುವ ಸಂಗತಿಗಳೂ ಬಹಳ ಇವೆ, ಅವನ್ನು ಮರೆಮಾಚುವುದು ಓದುಗರಿಗೆ ಮಾಡುವ ಅನ್ಯಾಯ.

ಭಾರತ ಮತ್ತು ಚೀನಾ ಒಂದೇ ಹೊತ್ತಿನಲ್ಲಿ, ಒಂದೇ ಬಡತನದಲ್ಲಿ ಹೊರಟವು. ಚೀನಾ ಮುಂದೆ ಹೋದದ್ದು ಕಮ್ಯುನಿಸಂ ದೆಸೆಯಿಂದ ತಾನೇ?

ಈ ಮಾತಿನಲ್ಲಿ ಸತ್ಯದ ದೊಡ್ಡ ಪಾಲಿದೆ. 1950ರ ಸುಮಾರಿಗೆ ಎರಡೂ ದೇಶಗಳ ಸರಾಸರಿ ಆಯಸ್ಸು 40 ವರ್ಷದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗಿತ್ತು. 1980ರ ಹೊತ್ತಿಗೆ ಚೀನಾದಲ್ಲಿ ಅದು ಸುಮಾರು 65ಕ್ಕೆ ಏರಿತ್ತು, ಭಾರತದಲ್ಲಿ ಸುಮಾರು 54ರಲ್ಲಿ ನಿಂತಿತ್ತು. 1980ರ ದಶಕದ ಆರಂಭದಲ್ಲಿ ಚೀನಾದ ಮೂರನೇ ಎರಡರಷ್ಟು ಜನ ಓದುಬರಹ ಬಲ್ಲವರಾಗಿದ್ದರೆ, ಭಾರತದಲ್ಲಿ ಅರ್ಧದಷ್ಟು ಜನರಿಗೂ ಅಕ್ಷರಜ್ಞಾನವಿರಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಇದು ಚೀನಾ ಶ್ರೀಮಂತವಾಗುವುದಕ್ಕೆ ಮೊದಲೇ ಆದ ಸಾಧನೆ. ಜಮೀನ್ದಾರರ ಭೂಮಿಯನ್ನು ಹಂಚಿದ್ದು, ಹಳ್ಳಿಹಳ್ಳಿಗೆ ಶಾಲೆ ತಲುಪಿಸಿದ್ದು, ‘ಬರಿಗಾಲ ವೈದ್ಯರು’ ಎಂದು ಹೆಸರಾದ, ಅಲ್ಪಕಾಲದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರನ್ನು ಊರೂರಿಗೆ ಕಳಿಸಿದ್ದು ಆ ಕಾಲದಲ್ಲಿಯೇ. ಭೂ ಹಂಚಿಕೆಯ ಹೊತ್ತಿನಲ್ಲಿ ನಡೆದ ಹಿಂಸೆ ಭೀಕರವಾಗಿತ್ತು, ಲಕ್ಷಾಂತರ ಭೂಮಾಲೀಕರನ್ನು ಕೊಲ್ಲಲಾಯಿತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಹಾಗಿದ್ದರೂ ಭಾರತದ ಸರ್ಕಾರಗಳು ಪ್ರಾಥಮಿಕ ಶಿಕ್ಷಣವನ್ನೂ ಪ್ರಾಥಮಿಕ ಆರೋಗ್ಯವನ್ನೂ ದಶಕಗಟ್ಟಲೆ ಅಲಕ್ಷಿಸಿದವು ಎಂಬ ಆರೋಪವನ್ನು ಅಲ್ಲಗಳೆಯುವಂತಿಲ್ಲ. ಸಂವಿಧಾನದ 45ನೇ ವಿಧಿ ಹತ್ತು ವರ್ಷಗಳಲ್ಲಿ 14 ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ಹೇಳಿತ್ತು. ಶಿಕ್ಷಣ ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ. ನಡುವಿನ ಆ ಕಾಲದಲ್ಲಿ ಶಾಲೆಯ ಮುಖ ಕಾಣದೆ ಬೆಳೆದ ಮಕ್ಕಳ ಲೆಕ್ಕಕ್ಕೆ ಯಾವ ಪಕ್ಷವೂ ಚುನಾವಣೆಯಲ್ಲಿ ದಂಡ ತೆರಲಿಲ್ಲ. ಪ್ರಜಾಪ್ರಭುತ್ವವನ್ನು ಪ್ರೀತಿಸುವವರಿಗೆ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಚೀನಾದ ಮಹಾ ಕ್ಷಾಮ ಹೇಗೆ ಸಂಭವಿಸಿತು? ಅದು ಪ್ರಕೃತಿಯ ಮುನಿಸಲ್ಲವೇ?

ಈ ಪುಟದ ಎಲ್ಲ ಪ್ರಶ್ನೆಗಳ ನಡುವೆ ಇದಕ್ಕೇ ಹೆಚ್ಚು ಜಾಗ ಬೇಕು, ಏಕೆಂದರೆ ಏಕಪಕ್ಷ ಆಡಳಿತದ ಬಲವೂ ದೌರ್ಬಲ್ಯವೂ ಒಂದೇ ಬೇರಿನಿಂದ ಹುಟ್ಟುತ್ತವೆ ಎಂಬುದು ಇಲ್ಲಿ ಕಣ್ಣಿಗೆ ರಾಚುವಂತೆ ಕಾಣುತ್ತದೆ.

1958ರಲ್ಲಿ ಮಾವೋ ಅವರ ನಾಯಕತ್ವದಲ್ಲಿ ‘ಮಹಾ ಜಿಗಿತ’ ಆರಂಭವಾಯಿತು. ರೈತರ ಹೊಲಗಳು ಕಮ್ಯೂನುಗಳೆಂಬ ಬೃಹತ್ ಸಾಮೂಹಿಕ ಬೇಸಾಯದ ಘಟಕಗಳಲ್ಲಿ ಸೇರಿಹೋದವು, ಮನೆಯ ಒಲೆ ಆರಿಸಿ ಎಲ್ಲರೂ ಸಾಮೂಹಿಕ ಊಟದ ಮನೆಯಲ್ಲಿ ಉಣ್ಣಬೇಕಾಯಿತು, ಉಕ್ಕು ತಯಾರಿಸಲೆಂದು ಹಿತ್ತಲುಗಳಲ್ಲಿ ಕುಲುಮೆ ಹೂಡಿ ಪಾತ್ರೆ ಪರಡಿಗಳನ್ನೂ ಕರಗಿಸಲಾಯಿತು. ಧಾನ್ಯ ತಿನ್ನುತ್ತವೆಂದು ಗುಬ್ಬಚ್ಚಿಗಳನ್ನು ದೇಶದಾದ್ಯಂತ ಕೊಲ್ಲಿಸಿದ್ದರಿಂದ ಕೀಟಗಳ ಕಾಟ ಹೆಚ್ಚಿತು. ಕೊಯ್ಲಿನ ಕಾಲಕ್ಕೆ ಆಳುಗಳು ಕುಲುಮೆಯ ಮುಂದೆ ನಿಂತಿದ್ದರು, ಪೈರು ಹೊಲದಲ್ಲಿಯೇ ಕೊಳೆಯಿತು.

ಇಷ್ಟರಿಂದಲೇ ಕೋಟಿಗಟ್ಟಲೆ ಜನ ಸಾಯಬೇಕಾಗಿರಲಿಲ್ಲ. ಸಾವು ತಂದದ್ದು ಸುಳ್ಳು ಲೆಕ್ಕ. ಮೇಲಿನವರನ್ನು ಮೆಚ್ಚಿಸಲು ಒಂದು ಕೌಂಟಿ (ನಮ್ಮ ತಾಲ್ಲೂಕಿನಂತಹ ಆಡಳಿತ ಘಟಕ) ಅಸಾಧ್ಯವಾದ ಇಳುವರಿ ಘೋಷಿಸಿದರೆ, ಪಕ್ಕದ ಕೌಂಟಿ ಅದನ್ನೂ ಮೀರಿಸಬೇಕು; ಇದಕ್ಕೆ ‘ಉಪಗ್ರಹ ಹಾರಿಸುವುದು’ ಎಂಬ ಹೆಸರೇ ಇತ್ತು. ಆ ಕಾಗದದ ಇಳುವರಿಯ ಆಧಾರದ ಮೇಲೆ ಸರ್ಕಾರದ ಪಾಲು ನಿಗದಿಯಾಯಿತು, ಇಲ್ಲದ ಧಾನ್ಯದ ಪಾಲು ಕೊಡಲು ಹೋಗಿ ರೈತರು ಬಿತ್ತನೆ ಬೀಜವನ್ನೂ ಕೊಟ್ಟರು, ಕೊಡಲಾರದವರನ್ನು ಧಾನ್ಯ ಬಚ್ಚಿಟ್ಟವರೆಂದು ಹೊಡೆಯಲಾಯಿತು. ಹೆನಾನ್ ಪ್ರಾಂತ್ಯದ ಶಿನ್‌ಯಾಂಗ್ ಪ್ರದೇಶವೊಂದರಲ್ಲಿಯೇ ಸುಮಾರು 10 ಲಕ್ಷ ಜನ ಸತ್ತರು. ಆ ವರ್ಷಗಳಲ್ಲಿಯೂ ಚೀನಾ ಧಾನ್ಯ ರಫ್ತು ಮಾಡುತ್ತಲೇ ಇತ್ತು.

1959ರಲ್ಲಿ ಲುಶಾನ್ ಸಭೆಯಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಈ ನೀತಿಯ ದೋಷಗಳನ್ನು ಮಾವೋ ಅವರಿಗೆ ಪತ್ರ ಬರೆದು ತಿಳಿಸಿದರು. ಸಭೆ ಬಹಿರಂಗವಾಗಿರಲಿಲ್ಲ, ಪತ್ರದ ಭಾಷೆ ವಿನಯದ್ದಾಗಿತ್ತು, ಬರೆದವರು ಪಕ್ಷದ ಹಳೆಯ ಯೋಧರಾಗಿದ್ದರು. ಆದರೂ ಅವರು ಪದಚ್ಯುತರಾದರು. ರಕ್ಷಣಾ ಸಚಿವನಿಗೇ ಈ ಗತಿಯಾದರೆ ತನ್ನ ಗತಿಯೇನು ಎಂದು ಪ್ರತಿಯೊಬ್ಬ ಕೆಳ ಹಂತದ ಅಧಿಕಾರಿಯೂ ಯೋಚಿಸಿರಬೇಕು. ಕ್ಷಾಮದ ಅತಿ ಭೀಕರ ತಿಂಗಳುಗಳು ಆ ಸಭೆಯ ನಂತರವೇ ಬಂದವು. 1962ರ ಜನವರಿಯಲ್ಲಿ ಆಗಿನ ರಾಷ್ಟ್ರಾಧ್ಯಕ್ಷ ಲಿಯು ಶಾವೋಚಿ ಸಾವಿರಾರು ಪಕ್ಷಾಧಿಕಾರಿಗಳ ಮುಂದೆ, ಈ ಆಪತ್ತಿನಲ್ಲಿ ಪ್ರಕೃತಿಯ ಪಾಲು ಮೂರಾದರೆ ಮನುಷ್ಯರ ಪಾಲು ಏಳು ಎಂಬ ಅರ್ಥದ ಮಾತನ್ನು ಆಡಿದರು. ಅವರೂ ಮಾವೋ 1966ರಲ್ಲಿ ಆರಂಭಿಸಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅಧಿಕಾರ ಕಳೆದುಕೊಂಡು 1969ರಲ್ಲಿ ಬಂಧನದಲ್ಲಿಯೇ ತೀರಿಕೊಂಡರು.

ಸತ್ತವರ ಸಂಖ್ಯೆಯ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ. ಇಷ್ಟು ಜನ ಸತ್ತ ಘಟನೆಯ ಲೆಕ್ಕದಲ್ಲಿ ಕೋಟಿಗಳ ವ್ಯತ್ಯಾಸ ಉಳಿದಿರುವುದೇ ಆ ವ್ಯವಸ್ಥೆಯಲ್ಲಿ ಸುದ್ದಿಗೆ ಏನಾಗಿತ್ತು ಎಂಬುದನ್ನು ತಿಳಿಸುತ್ತದೆ.

ಪ್ರಜಾಪ್ರಭುತ್ವದಲ್ಲಿ ಕ್ಷಾಮವೇ ಬರುವುದಿಲ್ಲ ಎನ್ನುತ್ತಾರಲ್ಲ, ಅದು ನಿಜವೇ?

ಮುಕ್ತ ಪತ್ರಿಕೆಗಳೂ ನಿಯತ ಚುನಾವಣೆಗಳೂ ಇರುವ ಸ್ವತಂತ್ರ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲ ಎಂಬ ವಾದವನ್ನು ಮಂಡಿಸಿದವರು 1998ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮರ್ತ್ಯ ಸೇನ್. ಭಾರತದ ಮಟ್ಟಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ. 1943ರಲ್ಲಿ, ಪರಕೀಯರ ಆಳ್ವಿಕೆಯಲ್ಲಿ, ಬಂಗಾಳದಲ್ಲಿ 20ರಿಂದ 30 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರು. ಸ್ವಾತಂತ್ರ್ಯದ ನಂತರ 1966–67ರಲ್ಲಿ ಬಿಹಾರದಲ್ಲಿ, 1970ರ ದಶಕದ ಆರಂಭದಲ್ಲಿ ಮಹಾರಾಷ್ಟ್ರದಲ್ಲಿ ತೀವ್ರ ಬರ ಬಂದಾಗ ಅಷ್ಟು ಪ್ರಮಾಣದ ಸಾವು ಸಂಭವಿಸಲಿಲ್ಲ. 1973ರಲ್ಲಿ ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ರಸ್ತೆ, ಕೆರೆ, ಒಡ್ಡುಗಳ ಆ ಕೂಲಿಯೇ ಅವರ ಜೀವ ಉಳಿಸಿತು, ಮುಂದೆ ಉದ್ಯೋಗ ಖಾತರಿ ಕಾನೂನಿಗೂ ಅದೇ ಬುನಾದಿಯಾಯಿತು.

ಆದರೆ ಈ ವಾದಕ್ಕೆ ಇನ್ನೊಂದು ಮುಖವಿದೆ, ಅದನ್ನೂ ಎತ್ತಿ ತೋರಿಸಿದವರು ಸೇನ್ ಅವರೇ. ಹಠಾತ್ತನೆ ಬಂದೆರಗುವ ಕ್ಷಾಮ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ವಿರೋಧ ಪಕ್ಷದ ಬಾಯಿಗೆ ಬರುತ್ತದೆ, ಸರ್ಕಾರದ ನಿದ್ದೆ ಕೆಡಿಸುತ್ತದೆ. ಪ್ರತಿದಿನ ಅರೆಹೊಟ್ಟೆಯಲ್ಲಿ ಮಲಗುವ ಮಗುವಿನ ಹಸಿವು ಸುದ್ದಿಯಾಗುವುದಿಲ್ಲ. ಶಾಂತ ವರ್ಷಗಳಲ್ಲಿ ಭಾರತದ ಸಾವಿನ ಪ್ರಮಾಣ ಚೀನಾಕ್ಕಿಂತ ಎಷ್ಟು ಹೆಚ್ಚಿತ್ತೆಂದರೆ, ಸದ್ದಿಲ್ಲದೆ ಸತ್ತ ಆ ಹೆಚ್ಚುವರಿ ಜನರ ಲೆಕ್ಕ ಎಂಟೇ ವರ್ಷಗಳಲ್ಲಿ ಚೀನಾದ ಮಹಾ ಕ್ಷಾಮದ ಲೆಕ್ಕವನ್ನು ಮುಟ್ಟುತ್ತಿತ್ತು ಎಂದು ಅವರೂ ಅವರ ಸಹಲೇಖಕ ಜೀನ್ ಡ್ರೀಜ್ ಅವರೂ ತೋರಿಸಿದ್ದಾರೆ. ಪ್ರಜಾಪ್ರಭುತ್ವ ಸಿಡಿಲನ್ನು ತಡೆದಿದೆ, ಗೆದ್ದಲನ್ನು ತಡೆದಿಲ್ಲ.

ಜನಸಂಖ್ಯೆಯನ್ನು ಹತೋಟಿಗೆ ತರಲು ಬಲವಂತ ಬೇಡವೇ? ಅದಕ್ಕಾದರೂ ಕಮ್ಯುನಿಸಂ ಒಳ್ಳೆಯದಲ್ಲವೇ?

ಬಹಳ ಜನ ನಂಬಿರುವ, ಆದರೆ ಅಂಕಿಅಂಶ ಒಪ್ಪದ ಮಾತು ಇದು. ಚೀನಾದಲ್ಲಿ 1970ರ ಸುಮಾರಿಗೆ ಒಬ್ಬ ಮಹಿಳೆಗೆ ಸರಾಸರಿ 5.8 ಮಕ್ಕಳಾಗುತ್ತಿದ್ದರು. 1970ರ ದಶಕದ ಕೊನೆಗೆ ಅದು 2.7ರ ಹತ್ತಿರಕ್ಕೆ ಇಳಿದಿತ್ತು. ಒಂದೇ ಮಗು ನೀತಿ ದೇಶದಾದ್ಯಂತ ಜಾರಿಗೆ ಬಂದದ್ದು ಇದಾದ ಮೇಲೆ, 1980ರ ಹೊತ್ತಿಗೆ. ಅಂದರೆ ಇಳಿತದ ದೊಡ್ಡ ಪಾಲು, ತಡವಾಗಿ ಮದುವೆ, ಹೆರಿಗೆಗಳ ನಡುವೆ ಅಂತರ, ಕಡಿಮೆ ಮಕ್ಕಳು ಎಂಬ ಹಿಂದಿನ ಅಭಿಯಾನದ ಕಾಲದಲ್ಲಿಯೇ ಆಗಿಹೋಗಿತ್ತು. ಆ ಅಭಿಯಾನದಲ್ಲಿಯೂ ಒತ್ತಡವಿರಲಿಲ್ಲವೆಂದಲ್ಲ, ಆದರೆ ಮುಂದೆ ಬಂದ ಬಲವಂತದ ಗರ್ಭಪಾತ, ದಂಡ, ನೌಕರಿಯಿಂದ ವಜಾ ಮಾಡುವ ಕ್ರಮಗಳ ಮುಂದೆ ಅದು ಸೌಮ್ಯವಾಗಿತ್ತು.

ಆ ನೀತಿಯ ಬೆಲೆಯನ್ನು ಚೀನಾ ಈಗ ತೆರುತ್ತಿದೆ. ಗಂಡು ಮಗುವೇ ಬೇಕೆಂಬ ಹಂಬಲ ಒಂದೇ ಮಗುವಿನ ಮಿತಿಯೊಂದಿಗೆ ಸೇರಿದಾಗ, ಈ ಶತಮಾನದ ಮೊದಲ ದಶಕದಲ್ಲಿ 100 ಹೆಣ್ಣು ಶಿಶುಗಳಿಗೆ 118ಕ್ಕೂ ಮೇಲ್ಪಟ್ಟು ಗಂಡು ಶಿಶುಗಳು ಹುಟ್ಟಿದವು. 2016ರಿಂದ ಎರಡು ಮಕ್ಕಳಿಗೆ, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಬಂದರೂ ಜನ ಹೆರಲಿಲ್ಲ. 2022ರಲ್ಲಿ, 1961ರ ನಂತರ ಮೊದಲ ಬಾರಿಗೆ, ಚೀನಾದ ಜನಸಂಖ್ಯೆ ಇಳಿಯಿತು. ಬೇಡವೆಂದು ಆಜ್ಞೆ ಮಾಡುವುದು ಸುಲಭ, ಬೇಕೆಂದು ಆಜ್ಞೆ ಮಾಡಿದರೆ ಮಗು ಹುಟ್ಟುವುದಿಲ್ಲ.

ಬಲವಂತದ ಆಸೆ ಕಮ್ಯುನಿಸ್ಟ್ ದೇಶಗಳಿಗೆ ಮಾತ್ರ ಸೀಮಿತವಲ್ಲ. ಭಾರತದಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸಬೇಕಾದ ಅಧಿಕಾರಿಗಳು ಬಡವರನ್ನು ಹಿಡಿದು ತರಿಸಿದರು. ಎರಡು ದೇಶಗಳ ವ್ಯತ್ಯಾಸ ಮುಂದೆ ಕಾಣುತ್ತದೆ: 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಉತ್ತರ ಭಾರತದ ಮತದಾರರು ಆ ಸರ್ಕಾರವನ್ನು ಬುಡಸಮೇತ ಕಿತ್ತರು, ಅಂತಹ ಬಲವಂತಕ್ಕೆ ಕೈಹಾಕುವ ಧೈರ್ಯ ಆಮೇಲೆ ಯಾವ ಕೇಂದ್ರ ಸರ್ಕಾರಕ್ಕೂ ಬರಲಿಲ್ಲ. ಚೀನಾದ ನೀತಿ ಮೂವತ್ತೈದು ವರ್ಷ ಉಳಿಯಿತು.

ಕೇರಳ ಮತ್ತು ತಮಿಳುನಾಡು ಯಾರ ಮೇಲೂ ಒಂದು ಮಗುವಿನ ಮಿತಿ ಹೇರಲಿಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಗು ಬದುಕುತ್ತದೆ ಎಂಬ ಭರವಸೆ ಮೂಡಿತು, ಆಸ್ಪತ್ರೆ ಕೈಗೆಟುಕಿತು, ಹೆರಿಗೆಗಳು ತಾವಾಗಿ ಕಡಿಮೆಯಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು. ಬಿಹಾರದಲ್ಲಿ ಅದು ಇನ್ನೂ ಸುಮಾರು 3 ಇದೆ, ಅಲ್ಲಿ ಹೆಣ್ಣುಮಕ್ಕಳ ಶಿಕ್ಷಣವೂ ಹಿಂದುಳಿದಿದೆ. ಆದರೂ ಹೆಮ್ಮೆ ಪಡುವ ಮುನ್ನ 2011ರ ಜನಗಣತಿ ನೋಡಬೇಕು: ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 918 ಹೆಣ್ಣುಮಕ್ಕಳು ಮಾತ್ರ ಇದ್ದರು. ಸರ್ಕಾರದ ಬಲವಂತವಿಲ್ಲದೆಯೂ ಮನೆಯೊಳಗಿನ ಬಲವಂತ ಹೆಣ್ಣು ಭ್ರೂಣಗಳನ್ನು ನುಂಗಿದೆ.

ಸುಮಾರು 80 ಕೋಟಿ ಚೀನೀಯರು ಬಡತನದಿಂದ ಮೇಲೆದ್ದದ್ದು ಯಾವ ವ್ಯವಸ್ಥೆಯ ಸಾಧನೆ?

ವಿಶ್ವಬ್ಯಾಂಕ್ ಲೆಕ್ಕದಂತೆ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ತೀವ್ರ ಬಡತನದಿಂದ ಹೊರಬಂದರು. ಮನುಷ್ಯ ಚರಿತ್ರೆಯಲ್ಲಿ ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ಜನರ ಬದುಕು ಹಸನಾದ ನಿದರ್ಶನ ಬೇರೆಯಿಲ್ಲ, ಇದನ್ನು ಮನಸಾರೆ ಮೆಚ್ಚಬೇಕು. ಆದರೆ ಈ ಏರಿಕೆ ಆರಂಭವಾದದ್ದು ಕಮ್ಯೂನುಗಳನ್ನು ಕಟ್ಟಿದಾಗಲ್ಲ, ಬಿಚ್ಚಿದಾಗ. 1978ರ ಚಳಿಗಾಲದಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿಯ 18 ರೈತರು ಸಾಮೂಹಿಕ ಜಮೀನನ್ನು ಗುಟ್ಟಾಗಿ ಮನೆಗಳಿಗೆ ಹಂಚಿಕೊಂಡು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದರು. ಮುಂದಾಳುಗಳು ಜೈಲು ಸೇರಿದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಸಾಕುತ್ತೇವೆ ಎಂಬ ಮಾತೂ ಅದರಲ್ಲಿತ್ತು. ಮುಂದಿನ ಸುಗ್ಗಿಯಲ್ಲಿ ಇಳುವರಿ ಹಲವು ಪಟ್ಟು ಹೆಚ್ಚಿತು. ಮಾವೋ ನಂತರ ಚೀನಾದ ಚುಕ್ಕಾಣಿ ಹಿಡಿದ ಡೆಂಗ್ ಶಿಯಾವೊಪಿಂಗ್ ಅವರ ಕಾಲದ ಆಡಳಿತ ಆ ರೈತರನ್ನು ಶಿಕ್ಷಿಸುವ ಬದಲು ಅಂತಹ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿತು. ಆಮೇಲೆ ಕರಾವಳಿಯಲ್ಲಿ ವಿಶೇಷ ಆರ್ಥಿಕ ವಲಯಗಳು, ಖಾಸಗಿ ಉದ್ದಿಮೆ, ವಿದೇಶಿ ಬಂಡವಾಳ ಬಂದವು. ವಿಯೆಟ್ನಾಂ ಕೂಡ 1986ರಲ್ಲಿ ಇದೇ ಹಾದಿ ಹಿಡಿದು ಚೇತರಿಸಿಕೊಂಡಿತು.

ಹಾಗಾದರೆ ಇದು ಮಾರುಕಟ್ಟೆಯ ಸಾಧನೆ ಎಂದು ಮುಗಿಸಬಹುದೇ? ಅದೂ ಪೂರ್ತಿ ಸರಿಯಲ್ಲ. ಕಾರ್ಖಾನೆ ಬಂದಾಗ ಅದರಲ್ಲಿ ದುಡಿಯಬಲ್ಲ, ಓದುಬರಹ ಬಲ್ಲ, ಆರೋಗ್ಯವಂತ ಜನ ಅಲ್ಲಿ ಸಿದ್ಧರಿದ್ದರು, ಅವರನ್ನು ಸಿದ್ಧಪಡಿಸಿದ್ದು ಹಿಂದಿನ ಮೂರು ದಶಕಗಳ ಶಾಲೆ ಮತ್ತು ಆರೋಗ್ಯ ಕೇಂದ್ರಗಳು. ಭಾರತ 1991ರಲ್ಲಿ ಬಾಗಿಲು ತೆರೆದಾಗ ಅಂತಹ ಸಿದ್ಧತೆ ಇಲ್ಲಿ ಕಡಿಮೆಯಿತ್ತು. ಅದರ ನಡುವೆಯೂ 2005–06ರಿಂದ 2019–21ರ ಅವಧಿಯಲ್ಲಿ ಸುಮಾರು 41.5 ಕೋಟಿ ಭಾರತೀಯರು ಬಹು ಆಯಾಮದ ಬಡತನದಿಂದ (ಆರೋಗ್ಯ, ಶಿಕ್ಷಣ, ಜೀವನಮಟ್ಟಗಳ ಕೊರತೆಯಿಂದ) ಹೊರಬಂದರೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ವರದಿ ಹೇಳಿದೆ.

ಚೀನಾ ಕಣ್ಣು ಮಿಟುಕಿಸುವಷ್ಟರಲ್ಲಿ ರೈಲುದಾರಿ, ಅಣೆಕಟ್ಟೆ ಕಟ್ಟುತ್ತದೆ. ಪ್ರಜಾಪ್ರಭುತ್ವದ ನಿಧಾನ ಬಡವರಿಗೆ ಮಾಡುವ ದ್ರೋಹವಲ್ಲವೇ?

ವೇಗ ಸುಳ್ಳಲ್ಲ. 2008ರಿಂದೀಚೆಗೆ ಚೀನಾ 40,000 ಕಿಲೋಮೀಟರಿಗೂ ಹೆಚ್ಚು ಉದ್ದದ ಅತಿವೇಗದ ರೈಲುದಾರಿ ಹಾಸಿದೆ. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟೆಗೆ 1961ರಲ್ಲಿ ಶಂಕುಸ್ಥಾಪನೆಯಾಗಿ, ಅದು ಲೋಕಾರ್ಪಣೆಯಾದದ್ದು 2017ರಲ್ಲಿ. ಆದರೆ ಈ ವಿಳಂಬದ ಒಂದು ಭಾಗ ಕಡತದ ಜಡತನವಾದರೆ, ಇನ್ನೊಂದು ಭಾಗ ಮುಳುಗಡೆಯಾಗುವ ಜನ ತಮ್ಮ ಮಾತು ಕೇಳಿಸಲು ಪಡೆದ ಅವಕಾಶ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ನಿಧಾನ ಎಂದು ಬಯ್ಯುವುದು ಸರಿಯಲ್ಲ. ತ್ರೀ ಗಾರ್ಜಸ್ ಅಣೆಕಟ್ಟೆಗಾಗಿ 12 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. 1992ರಲ್ಲಿ ಆ ಯೋಜನೆ ಚೀನಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆಯ ಮುಂದೆ ಬಂದಾಗ ಸುಮಾರು ಮೂರನೇ ಒಂದು ಭಾಗದ ಸದಸ್ಯರು ವಿರುದ್ಧವಾಗಿ ಮತ ಹಾಕಿದ್ದರು ಅಥವಾ ತಟಸ್ಥರಾಗಿದ್ದರು. ಆ ಸಭೆಯಲ್ಲಿ ಅಷ್ಟು ಅಸಮ್ಮತಿ ಕಾಣುವುದು ಅಪರೂಪದಲ್ಲಿ ಅಪರೂಪ.

ವೇಗದ ಕಟ್ಟಡಗಳ ಪಟ್ಟಿಯಲ್ಲಿ ಚೀನಾದ ಬಾಂಚಿಯಾವ್ ಅಣೆಕಟ್ಟೆಯನ್ನೂ ಸೇರಿಸಬೇಕು. 1950ರ ದಶಕದಲ್ಲಿ ಕಟ್ಟಿದ ಅದು 1975ರ ಆಗಸ್ಟ್‌ನಲ್ಲಿ ಚಂಡಮಾರುತದ ಮಳೆಗೆ ಒಡೆದು, ಹತ್ತಾರು ಸಾವಿರ ಜನ ಕೊಚ್ಚಿಹೋದರು. ನಂತರದ ರೋಗ ಹಾಗೂ ಹಸಿವನ್ನೂ ಸೇರಿಸಿದರೆ ಸಾವಿನ ಅಂದಾಜು ಲಕ್ಷ ದಾಟುತ್ತದೆ. ಈ ದುರಂತದ ವಿವರಗಳು ಬಹುಕಾಲ ರಹಸ್ಯವಾಗಿಯೇ ಇದ್ದವು. ಭಾರತದ ಅಣೆಕಟ್ಟೆ, ಗಣಿಗಳಿಗಾಗಿ ಎತ್ತಂಗಡಿಯಾದ ಆದಿವಾಸಿಗಳಿಗೆ ನ್ಯಾಯ ಸಿಕ್ಕಿದೆ ಎಂದು ಇದರಿಂದ ಯಾರೂ ಭಾವಿಸಬಾರದು, 1894ರ ಭೂಸ್ವಾಧೀನ ಕಾಯ್ದೆಯನ್ನು ಬದಲಿಸಲು ನಮಗೆ 2013ರವರೆಗೆ ಕಾಲ ಬೇಕಾಯಿತು.

ಭ್ರಷ್ಟಾಚಾರ ಎಲ್ಲಿ ಕಡಿಮೆ?

ಇದರಲ್ಲಿ ಯಾರೂ ಮೀಸೆ ತಿರುವುವಂತಿಲ್ಲ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2023ರ ಸೂಚ್ಯಂಕದಲ್ಲಿ 100ಕ್ಕೆ ಚೀನಾ 42 ಅಂಕ, ಭಾರತ 39 ಅಂಕ ಪಡೆದಿದ್ದವು. ಚೀನಾದಲ್ಲಿ ಭ್ರಷ್ಟರನ್ನು ಹಿಡಿಯುವುದು ಪಕ್ಷವೇ, ಆದ್ದರಿಂದ ಯಾರನ್ನು ಹಿಡಿಯಬೇಕೆಂಬುದೂ ಪಕ್ಷದ ಇಚ್ಛೆ. ಭಾರತದಲ್ಲಿ 2005ರ ಮಾಹಿತಿ ಹಕ್ಕಿನ ಕಾಯ್ದೆ ಸಾಮಾನ್ಯ ಪ್ರಜೆಯ ಕೈಗೆ ಒಂದು ಆಯುಧ ಕೊಟ್ಟಿತು, ಆದರೆ ಅದನ್ನು ಬಳಸಿದ ಕಾರಣಕ್ಕೆ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಸಾಂಕ್ರಾಮಿಕ ರೋಗದ ಹೊತ್ತಿನಲ್ಲಿ ಬಿಗಿ ಆಡಳಿತವೇ ಮೇಲಲ್ಲವೇ?

ಬಿಗಿಯಾಗಿ ಬಾಗಿಲು ಮುಚ್ಚಿಸುವುದರಲ್ಲಿ ಅದು ಮೇಲು, ರೋಗ ಬಂದಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ಹಿಂದೆ. 2003ರಲ್ಲಿ ಚೀನಾದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕಿನ ರೋಗಿಗಳ ನಿಜ ಸಂಖ್ಯೆ ಹೊರಬಂದದ್ದು ಜಿಯಾಂಗ್ ಯಾನ್‌ಯಾಂಗ್ ಎಂಬ ನಿವೃತ್ತ ಸೇನಾ ವೈದ್ಯರು ಧೈರ್ಯ ಮಾಡಿ ಬಾಯಿಬಿಟ್ಟಿದ್ದರಿಂದ. 2020ರ ಜನವರಿಯಲ್ಲಿ, ಸಹೋದ್ಯೋಗಿಗಳಿಗೆ ಹೊಸ ಸೋಂಕಿನ ಎಚ್ಚರಿಕೆ ಕೊಟ್ಟಿದ್ದ ವುಹಾನ್‌ನ ವೈದ್ಯ ಲಿ ವೆನ್‌ಲಿಯಾಂಗ್ ಅವರನ್ನು ಪೊಲೀಸರು ಕರೆಸಿ, ವದಂತಿ ಹಬ್ಬಿಸಿದ್ದಾಗಿ ಛೀಮಾರಿ ಹಾಕಿ ಸಹಿ ಪಡೆದರು. ಫೆಬ್ರುವರಿಯಲ್ಲಿ ಅವರು ಅದೇ ಸೋಂಕಿಗೆ ಬಲಿಯಾದರು.

ಆದರೆ 2021ರ ಏಪ್ರಿಲ್–ಮೇ ತಿಂಗಳಲ್ಲಿ ಆಮ್ಲಜನಕಕ್ಕಾಗಿ ಭಾರತದ ಆಸ್ಪತ್ರೆಗಳ ಮುಂದೆ ನಿಂತವರಿಗೆ ಪ್ರಜಾಪ್ರಭುತ್ವದ ಹಿರಿಮೆ ಹೇಳಲು ನನಗೆ ಬಾಯಿ ಬರುವುದಿಲ್ಲ. 2020–21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು, ಭಾರತ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ಚಿತೆಗಳ ಚಿತ್ರ ಪತ್ರಿಕೆಗಳಲ್ಲಿ ಬಂದವು, ನ್ಯಾಯಾಲಯಗಳು ಸರ್ಕಾರಗಳನ್ನು ಪ್ರಶ್ನಿಸಿದವು ಎಂಬುದಷ್ಟೇ ಇಲ್ಲಿನ ವ್ಯತ್ಯಾಸ. ಅದು ಸಣ್ಣದಲ್ಲ, ಸಾಕಾಗುವಷ್ಟೂ ಅಲ್ಲ.

ಓದುಬರಹವಿಲ್ಲದ ಕೋಟ್ಯಂತರ ಜನರ ಕೈಗೆ ಮತ ಕೊಡುವುದು ಅಪಾಯವಲ್ಲವೇ?

1951–52ರಲ್ಲಿ ಭಾರತ ತನ್ನ ಮೊದಲ ಸಾರ್ವತ್ರಿಕ ಚುನಾವಣೆ ನಡೆಸಿದಾಗ ಮತದಾರರ ಸಂಖ್ಯೆ ಸುಮಾರು 17 ಕೋಟಿ, ದೇಶದ ಸಾಕ್ಷರತೆ ಶೇ 18ರಷ್ಟು. ಚಿಹ್ನೆ ನೋಡಿ ಮತ ಹಾಕಿದ ಆ ಜನ, 1977ರಲ್ಲಿ ತಮ್ಮ ಮೈಮೇಲೆ ಬಂದ ಬಲವಂತಕ್ಕೆ ಉತ್ತರ ಕೊಟ್ಟದ್ದನ್ನು ಮೇಲೆ ನೋಡಿದೆವು. ತನ್ನ ಹೊಟ್ಟೆ ತುಂಬಿದೆಯೇ ಇಲ್ಲವೇ ಎಂದು ತಿಳಿಯಲು ಅಕ್ಷರ ಬೇಕಿಲ್ಲ. ಹಾಗೆಂದು ಅಕ್ಷರ ಕಲಿಸುವುದನ್ನು ಮುಂದೂಡಿದ್ದಕ್ಕೆ ಇದು ನೆಪವಾಗಬಾರದು.

ಮತಪೆಟ್ಟಿಗೆಯ ಮೂಲಕ ಬಂದ ಕಮ್ಯುನಿಸ್ಟ್ ಸರ್ಕಾರಗಳು ಏನು ಮಾಡಿದವು?

1957ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಚುನಾವಣೆ ಗೆದ್ದು ಬಂದಿತು, ಭೂಮಿ ಮತ್ತು ಶಿಕ್ಷಣದ ಸುಧಾರಣೆಗಳಿಗೆ ಕೈಹಾಕಿತು. 1959ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ 356ನೇ ವಿಧಿ ಬಳಸಿ ಅದನ್ನು ವಜಾ ಮಾಡಿತು, ಪ್ರಜಾಪ್ರಭುತ್ವವಾದಿಗಳು ಎಂದು ಕರೆದುಕೊಂಡವರು ಮಾಡಿದ ತಪ್ಪು ಅದು ಎಂದೇ ನಾನು ಭಾವಿಸುತ್ತೇನೆ. ಆದರೂ ಸುಧಾರಣೆ ನಿಲ್ಲಲಿಲ್ಲ. ಬೇರೆ ಬೇರೆ ಮೈತ್ರಿಕೂಟಗಳು ಸರದಿಯಂತೆ ಆಳಿದ ಆ ರಾಜ್ಯದಲ್ಲಿ 1970ರ ದಶಕದಲ್ಲಿ ಗೇಣಿದಾರರಿಗೆ ಭೂಮಿಯ ಹಕ್ಕು ಬಂದಿತು. ಶಾಲೆ, ಆಸ್ಪತ್ರೆಗಳನ್ನು ಮುಚ್ಚುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ. ಚೀನಾ ಕ್ರಾಂತಿಯಿಂದ ಪಡೆದ ಆಯಸ್ಸು ಮತ್ತು ಅಕ್ಷರವನ್ನು ಕೇರಳ ರಕ್ತ ಹರಿಸದೆ, ಕ್ಷಾಮ ಕಾಣದೆ ಪಡೆಯಿತು. ಕೈಗಾರಿಕೆ ಬೆಳೆಸುವುದರಲ್ಲಿ, ಯುವಕರಿಗೆ ಊರಲ್ಲೇ ಕೆಲಸ ಕೊಡುವುದರಲ್ಲಿ ಅದು ಸೋತಿತು ಎಂಬುದೂ ದಿಟ.

ಪಶ್ಚಿಮ ಬಂಗಾಳದ ಎಡರಂಗ 1977ರಿಂದ 2011ರವರೆಗೆ 34 ವರ್ಷ ಆಳಿತು. ಬರ್ಗಾದಾರರ (ಬೆಳೆಯ ಪಾಲಿಗೆ ಉಳುವ ಗೇಣಿದಾರರ) ಹೆಸರು ದಾಖಲಿಸಿ ಅವರಿಗೆ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆ ಕೊಟ್ಟದ್ದು ಅದರ ಹೆಗ್ಗಳಿಕೆ. ಕೊನೆಗೆ ಸಿಂಗೂರು, ನಂದಿಗ್ರಾಮಗಳಲ್ಲಿ ರೈತರ ಭೂಮಿಯ ವಿಷಯದಲ್ಲಿಯೇ ಎಡವಿ, ಮತದಾರರ ತೀರ್ಪಿಗೆ ತಲೆಬಾಗಿ ಅಧಿಕಾರ ಬಿಟ್ಟಿತು.

ಅಂಕಿಅಂಶ ಮುಚ್ಚಿಡುವುದು ಕಮ್ಯುನಿಸ್ಟ್ ಸರ್ಕಾರಗಳ ಚಾಳಿ ಮಾತ್ರವೇ?

ಅಲ್ಲ. ಸೋವಿಯತ್ ಒಕ್ಕೂಟದಲ್ಲಿ 1937ರ ಜನಗಣತಿ ನಿರೀಕ್ಷೆಗಿಂತ ಕಡಿಮೆ ಜನರನ್ನು ತೋರಿಸಿತು, ಏಕೆಂದರೆ 1932–33ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಸ್ಟಾಲಿನ್ ಆಡಳಿತ ಗಣತಿಯನ್ನೇ ರದ್ದು ಮಾಡಿ, ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಿತು. ಭಾರತದಲ್ಲಿ ಅಂತಹದ್ದು ನಡೆದಿಲ್ಲ. ಆದರೆ 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದ್ದ ಜನಗಣತಿ 2021ರಲ್ಲಿ ನಡೆಯಲಿಲ್ಲ, ಅದನ್ನು 2027ಕ್ಕೆ ನಿಗದಿ ಮಾಡಲಾಗಿದೆ. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆ ನಿಂತಿರುವುದು 2011ರ ಗಣತಿಯ ಮೇಲೆ. ಎಣಿಕೆಗೆ ಸಿಗದ ಮನುಷ್ಯನಿಗೆ ಪಡಿತರವೂ ಸಿಗುವುದಿಲ್ಲ.

ಮೊದಲು ಅನ್ನ ಕೊಡಿ, ಮತ ಆಮೇಲೆ ಕೊಟ್ಟರಾಯಿತು ಎಂಬ ವಾದಕ್ಕೆ ಉತ್ತರವೇನು?

ಹಸಿದವನ ಬಾಯಿಂದ ಬಂದಾಗ ಈ ಮಾತಿಗೆ ಎದುರಾಡುವುದು ಕಷ್ಟ. ಆದರೆ ಇದನ್ನು ಹೆಚ್ಚಾಗಿ ಹೇಳುವವರು ಹೊಟ್ಟೆ ತುಂಬಿದವರು. 2001ರಲ್ಲಿ ಭಾರತದ ಸರ್ಕಾರಿ ಗೋದಾಮುಗಳು ತುಂಬಿ ತುಳುಕುತ್ತಿದ್ದವು, ಅದೇ ಹೊತ್ತಿನಲ್ಲಿ ಬರಪೀಡಿತ ರಾಜಸ್ಥಾನದಲ್ಲಿ ಜನ ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಧಾನ್ಯವಿದ್ದೂ ಜನ ಹಸಿಯುವುದು ಬದುಕುವ ಹಕ್ಕಿಗೆ ವಿರುದ್ಧವೆಂದು ವಾದಿಸಿತು. ಆ ವರ್ಷದ ನವೆಂಬರ್‌ನಲ್ಲಿ ನ್ಯಾಯಾಲಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಹಲವು ರಾಜ್ಯಗಳು ಕುಂಟುನೆಪ ಹೇಳಿದವು, ಚಳವಳಿಗಾರರು ಬಿಡದೆ ಬೆನ್ನುಹತ್ತಿದರು. 2013ರಲ್ಲಿ ಸಂಸತ್ತು ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿದಾಗ ಸುಮಾರು ಮೂರನೇ ಎರಡರಷ್ಟು ಜನರಿಗೆ ಪಡಿತರ ಧಾನ್ಯ ಕಾನೂನಿನ ಹಕ್ಕಾಯಿತು.

ಇಲ್ಲಿ ಅನ್ನ ಬಂದದ್ದು ಮತ, ಪತ್ರಿಕೆ, ನ್ಯಾಯಾಲಯ, ಬೀದಿಯ ಧರಣಿ ಇವುಗಳ ದಾರಿಯಲ್ಲಿಯೇ. ಬರಲು ಹನ್ನೆರಡು ವರ್ಷ ಹಿಡಿಯಿತು, ಆ ಹನ್ನೆರಡು ವರ್ಷಗಳಲ್ಲಿ ಒಂದನೇ ತರಗತಿಗೆ ಸೇರಿದ ಮಗು ಹರೆಯಕ್ಕೆ ಬಂದಿತ್ತು. 2019–21ರ ಸಮೀಕ್ಷೆಯಲ್ಲಿಯೂ ಐದು ವರ್ಷದೊಳಗಿನ ಶೇ 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಸಂಖ್ಯೆಯನ್ನು ಸರ್ಕಾರದ ಸಮೀಕ್ಷೆಯೇ ಹೊರತಂದಿದೆ, ಯಾರು ಬೇಕಾದರೂ ಓದಬಹುದು, ಯಾವ ಶಾಸಕನ ಮುಂದೆ ಬೇಕಾದರೂ ಹಿಡಿದು ಕೇಳಬಹುದು. ಮುಂದಿನ ಚುನಾವಣೆಯಲ್ಲಿ ಆ ಪ್ರಶ್ನೆಯನ್ನು ಎಷ್ಟು ಜನ ಕೇಳುತ್ತಾರೆ ಎಂಬುದರ ಮೇಲೆ ಆ ಮಕ್ಕಳ ತಮ್ಮ ತಂಗಿಯರ ಎತ್ತರ ನಿಂತಿದೆ.